ಜ್ವರಕ್ಕೆ ಕೂತ ಹುಳು

ಮಹೇಶ್ವರ
12 ನವೆಂಬರ್ 2024

ಅಕ್ಕನಿಗೆ,

ಹೋದ ತಿಂಗಳು ಹಾಕಿದ ಕಾಗದ ತಲುಪಿತೋ ಇಲ್ಲವೋ ಗೊತ್ತಿಲ್ಲ. ಫೋನು ನಿನ್ನ ಬೀರುವಿನಲ್ಲಿ ಬಿಟ್ಟು ಬಂದ ಮೇಲೆ ಇಂಥ ಅನುಮಾನಗಳನ್ನು ಜೊತೆಗೇ ಇಟ್ಟುಕೊಂಡಿರಬೇಕು. ಮೊದಲ ಕೆಲವು ದಿನ ಕಷ್ಟವಾಯಿತು. ಈಗ ಅಂಚೆಯವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಈ ಊರಿನಲ್ಲಿ ಎರಡು ದಿನ ಇದ್ದು ಮುಂದೆ ಹೋಗುವುದೆಂದು ಬಂದವಳು ನಾನು. ಇಳಿದುಕೊಂಡ ಮನೆಯ ಕೆಳಗೆ ಕೈಮಗ್ಗವಿದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು, ಬೂದಿ ಬಣ್ಣದ್ದು. ಅದು ಮುಗಿಯುವುದನ್ನು ನೋಡಿ ಹೊರಡೋಣ ಎಂದುಕೊಂಡೆ. ಮುಗಿಯಿತು. ಈಗ ಇನ್ನೊಂದು ಸೀರೆ ಶುರುವಾಗಿದೆ. ಹೊರಡುವ ಮಾತನ್ನು ನಾನೂ ಎತ್ತಿಲ್ಲ, ಮನೆಯವರೂ ಎತ್ತಿಲ್ಲ.

ನಿನಗೆ ಗೊತ್ತು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನ ಟೈಮ್ ಆಫೀಸಿನಲ್ಲಿ ಗಡಿಯಾರದ ಕೆಳಗೆ ಕೂತೇ ನನ್ನ ತಲೆ ನರೆಯಿತು. ಬಸ್ಸು ತಪ್ಪಿ ಓಡಿಬಂದ ಹೆಂಗಸರು ‘ಒಂದ್ ನಿಮಿಷ ಮೇಡಂ, ಒಂದೇ ನಿಮಿಷ’ ಅನ್ನುತ್ತಿದ್ದರು. ಆ ಒಂದು ನಿಮಿಷ ನನ್ನ ಹತ್ತಿರವೂ ಇರಲಿಲ್ಲ, ಎಲ್ಲಿಂದ ಕೊಡಲಿ? ಇಲ್ಲಿ ಬೆಳಿಗ್ಗೆ ನರ್ಮದೆಯ ಮೆಟ್ಟಿಲ ಮೇಲೆ ಕೂತರೆ ಬಟ್ಟೆ ಒಗೆಯುವ ಸದ್ದು ಒಂದೊಂದಾಗಿ ನಿಲ್ಲುತ್ತದೆ, ಕಲ್ಲು ಕಾಯುತ್ತದೆ, ನೆರಳು ನನ್ನ ಕಾಲಿನಿಂದ ಸರಿದು ಹೋಗುತ್ತದೆ. ಆಗ ಎದ್ದು ಹೋಗಿ ಊಟ ಮಾಡುತ್ತೇನೆ. ನಿನ್ನೆ ನಾವು ಸಂಜೆಯವರೆಗೂ ದಡದಲ್ಲೇ ಕೂತಿದ್ದೆವು.

ನಾವು ಚಿಕ್ಕವರಿದ್ದಾಗ ಹುಳು ಜ್ವರಕ್ಕೆ ಕೂರುತ್ತಿದ್ದ ದಿನ ನೆನಪಾಯಿತು. ರೇಷ್ಮೆ ಹುಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಅಲ್ಲಾಡದೆ ಕೂರುವ ಆ ದಿನ ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ. ಅಪ್ಪ ನಮ್ಮ ಮೂವರನ್ನೂ ಜಗಲಿಗೆ ಕರೆದು, ‘ಇವತ್ತು ರಜ ಕಣ್ರೋ, ಹುಳುಗೂ ನಮಗೂ’ ಅನ್ನುತ್ತಿದ್ದ. ನನಗೀಗ ದಿನವೂ ಆ ದಿನವೇ.

ನಿನ್ನ ತಂಗಿ,
ಮಮತ


ತೂಬಗೆರೆ
28 ನವೆಂಬರ್ 2024

ಮಮತ,

ಎರಡೂ ಕಾಗದ ತಲುಪಿವೆ. ಎರಡನೆಯದನ್ನು ಮತ್ತೆ ಮತ್ತೆ ಓದಿದೆ. ‘ನಾವು ಸಂಜೆಯವರೆಗೂ ದಡದಲ್ಲೇ ಕೂತಿದ್ದೆವು’ ಎಂದು ಬರೆದಿದ್ದೀಯ. ನಾವು ಎಂದರೆ ಯಾರು? ಮದುವೆ ಬೇಡವೆಂದು ನಿಂತವಳು ನೀನು, ಈ ವಯಸ್ಸಿನಲ್ಲಿ ನಾನು ಕೇಳುವ ಪ್ರಶ್ನೆಯೂ ಇದಲ್ಲ. ಆದರೂ ಬರೆ.

ನಿನ್ನ ಭಾವ ಕಾಗದ ಓದಿಸಿಕೊಂಡು ಹೇಳಿದ್ದು ಇಷ್ಟೇ: ‘ಒಂದೇ ಊರಲ್ಲಿ ತಿಂಗಳುಗಟ್ಲೆ ಕೂತಿರೋದಾದ್ರೆ ನಮ್ಮೂರಲ್ಲೇ ಕೂತ್ಕೋಬೋದಿತ್ತಲ್ಲ. ಬಾಡಿಗೆನೂ ಇರ್ತಿರಲಿಲ್ಲ.’ ನಾನು ನಕ್ಕೆ. ನಿನ್ನ ಅಣ್ಣ ಕೆಂಪರಾಜ್ ನಗಲಿಲ್ಲ. ಭಾನುವಾರ ಬಂದಿದ್ದ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ‘ಇವಳು ಟೂರ್ ಹೋಗಿಲ್ಲ ಅಕ್ಕ. ಟೂರ್ ಹೋದೋರು ವಾಪಸ್ ಬರ್ತಾರೆ. ಇವಳು ರೇಟ್ ಏರ್ಲಿ ಅಂತ ಕಾಯ್ತಾವ್ಳೆ. ಯಾರೋ ಲಾಯರ್ ಹೇಳ್ಕೊಟ್ಟವ್ರೆ’ ಅಂದ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನದಿ ನೋಡುತ್ತ ಮರೆತಿದ್ದೀಯೇನೋ. ಕೆರೆ ಹಿಂದಿನ ತೋಟವನ್ನು ಕೊಳ್ಳುವ ಬೆಂಗಳೂರಿನ ಪಾರ್ಟಿ ಅಗ್ರಿಮೆಂಟ್ ಮಾಡಿಕೊಂಡಿದೆ. ವಾಯಿದೆ ಯುಗಾದಿಯವರೆಗೆ. ಅಷ್ಟರೊಳಗೆ ನೀನು ಬಂದು, ನಿನ್ನ ಪಾಲು ಬಿಟ್ಟುಕೊಡುವ ಖುಲಾಸೆ ಪತ್ರಕ್ಕೆ ಸಹಿ ಹಾಕದಿದ್ದರೆ ಅವರು ಬೇರೆ ಜಮೀನು ನೋಡಿಕೊಳ್ಳುತ್ತಾರೆ. ನಾನು ಅಪ್ಪ ತೀರಿಕೊಂಡ ವರ್ಷವೇ ಅರಿಶಿನ ಕುಂಕುಮಕ್ಕೆ ಸಹಿ ಹಾಕಿಕೊಟ್ಟೆ. ಪಾಲು ಹೋದರೂ ತವರು ಇರಲಿ, ಗೌರಿ ಹಬ್ಬಕ್ಕೆ ತಮ್ಮ ತಟ್ಟೆ ಹಿಡಿದು ಬರುತ್ತಿರಲಿ ಎಂದು. ನಮ್ಮ ಅಂಗಳದ ಪಕ್ಕದ ಹುಳು ಮನೆಯೂ ಆ ತೋಟದಲ್ಲೇ ಇದೆ, ನಾನು ಕೊಯ್ಯುವ ಸೊಪ್ಪೂ ಅಲ್ಲಿಯದೇ. ಈಗ ಕೊಯ್ಯುತ್ತಿರುವುದು ಅವನು ಬೇಡ ಅನ್ನದೇ ಇರುವುದರಿಂದ. ತೋಟ ಹೋದ ಮೇಲೆ ನಾನೇನು ಮಾಡಬೇಕೆಂದು ಅವನು ಹೇಳಿಲ್ಲ, ನಾನೂ ಕೇಳಿಲ್ಲ.

ನಿನ್ನ ಫೋನಿಗೆ ಚಾರ್ಜ್ ಹಾಕಿ ಇಟ್ಟಿದ್ದೇನೆ. ಆಗಾಗ ಹೊಡೆದುಕೊಳ್ಳುತ್ತದೆ. ನಾನು ತೆಗೆಯುವುದಿಲ್ಲ. ‘ಆ ಫೋನ್ ಈ ಕಡೆ ಕೊಡು’ ಅಂತ ಕೆಂಪರಾಜ್ ಕೇಳಿದ. ಕೊಟ್ಟಿಲ್ಲ. ಯಾಕೆ ಕೊಡಲಿಲ್ಲ ಎಂದು ಅವನಿಗೂ ಅನುಮಾನ ಬಂದಿದೆ.

ಬೇಗ ಬಾ.

ಪ್ರಮೋದಾ


ಮಹೇಶ್ವರ
17 ಡಿಸೆಂಬರ್ 2024

ಅಕ್ಕನಿಗೆ,

ನಾವು ಎಂದರೆ ನಾನು ಮತ್ತು ಮನೆಯೊಡತಿಯ ಅತ್ತೆ. ಅವರಿಗೆ ಎಂಬತ್ತು ದಾಟಿದೆ, ಕಿವಿ ಕೇಳಿಸುವುದಿಲ್ಲ. ನನಗೆ ಅವರ ಭಾಷೆ ಬರುವುದಿಲ್ಲ. ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಗಿದೆ. ನಿನಗೆ ಸಮಾಧಾನವಾಯಿತೋ, ನಿರಾಸೆಯಾಯಿತೋ?

ಅಣ್ಣ ಹೇಳಿದ್ದನ್ನು ಓದಿದೆ. ಲಾಯರ್ ಯಾರೂ ಇಲ್ಲ. ಅವನಿಗೆ ಇದನ್ನು ಹೇಗೆ ತಿಳಿಸಬೇಕೋ ಗೊತ್ತಾಗುತ್ತಿಲ್ಲ. ನಮ್ಮ ಕಡೆ ಸುಮ್ಮನೆ ಕೂತವರನ್ನು ಕಂಡರೆ ಏನೋ ಲೆಕ್ಕ ಹಾಕುತ್ತಿದ್ದಾರೆ ಅನ್ನಿಸುತ್ತದೆ. ದೇವನಹಳ್ಳಿಯಲ್ಲಿ ವಿಮಾನ ಇಳಿದ ಮೇಲೆ ಜಮೀನು ಕೂಡ ಸುಮ್ಮನೆ ಬಿದ್ದಿರುವುದನ್ನು ಬಿಟ್ಟಿತು. ನಾನು ಏನನ್ನೂ ಕಾಯುತ್ತಿಲ್ಲ ಅಕ್ಕ. ಹಾಗೆ ಕಾಯದೆ ಇರುವುದು ಹೇಗಿರುತ್ತದೆಂದು ಈಗ ತಿಳಿಯುತ್ತಿದೆ. ಮೊನ್ನೆ ಕಡಲೆಕಾಯಿ ಕೊಳ್ಳಲು ಹೋಗಿ, ಅಂಗಡಿಯವನು ಹುರಿಯುವುದನ್ನು ನೋಡುತ್ತ ನಿಂತೆ. ಮರಳು ಕಾದು, ಕಾಯಿ ಬಿರಿದು, ಅವನು ಜರಡಿ ಹಿಡಿದು, ಪೊಟ್ಟಣ ಕಟ್ಟಿಕೊಟ್ಟ. ಅಷ್ಟೂ ಹೊತ್ತು ನನ್ನ ತಲೆಯಲ್ಲಿ ಮುಂದಿನ ಕೆಲಸ ಯಾವುದೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಇದು ಮೊದಲು ಎಂದರೆ ನೀನು ನಂಬುವುದಿಲ್ಲ.

ಸಂಕ್ರಾಂತಿಗೆ ಮೊದಲು ಇಲ್ಲಿಂದ ಅಸ್ಸಾಮಿನ ಕಡೆ ಹೊರಡುತ್ತೇನೆ. ಅಲ್ಲಿ ಬ್ರಹ್ಮಪುತ್ರೆಯ ನಡುವೆ ಮಾಜುಲಿ ಎಂಬ ದ್ವೀಪವಿದೆ. ಉಳಿಯುವ ಮನೆಯ ವಿಳಾಸ ಕೆಳಗೆ ಬರೆದಿದ್ದೇನೆ, ಇನ್ನು ಅಲ್ಲಿಗೇ ಬರೆ. ನಿಲ್ಲುತ್ತ ಹೋಗುವ ರೈಲುಗಳಲ್ಲೇ ಹೋಗುತ್ತೇನೆ.

ಸಹಿಯ ವಿಷಯ ಯೋಚಿಸಿಲ್ಲ. ಯೋಚಿಸಬಾರದೆಂದಲ್ಲ. ನಿನ್ನ ಕಾಗದದಲ್ಲಿ ‘ಬೇಗ ಬಾ’ ಅನ್ನುವುದು ಒಂದು ಸಾಲು, ಅದರ ಮೇಲಿನದೆಲ್ಲ ಬೇರೆಯೇ ಹೇಳುತ್ತಿದೆ. ಯಾವುದನ್ನು ಕೇಳಬೇಕು?

ಮಮತ


ತೂಬಗೆರೆ
10 ಜನವರಿ 2025

ಚಿ. ಮಮತಳಿಗೆ ಅಕ್ಕ ಪ್ರಮೋದಾ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುವುದು. ಈ ಕಾಗದ ಬರೆಯಲು ಕಾರಣವೇನೆಂದರೆ, ನಮ್ಮ ಕೆಂಪರಾಜ್ ಒಳ್ಳೆಯ ಮನಸ್ಸಿನಿಂದ ತೋಟದ ವ್ಯವಹಾರ ಕುದುರಿಸಿದ್ದು, ಅದರಿಂದ ಮನೆಯವರೆಲ್ಲರಿಗೂ ಅನುಕೂಲವಾಗುವುದು. ನಿನಗೂ ಯೋಗ್ಯವಾದದ್ದನ್ನು ಕೊಡಲು ಅವನು ಒಪ್ಪಿದ್ದಾನೆ. ನನಗೂ ಬೇರೆ ಕಡೆ ಹುಳು ಮನೆಗೆ ಜಾಗ ನೋಡುವುದಾಗಿ ಹೇಳಿದ್ದಾನೆ. ಈ ವ್ಯವಹಾರದಲ್ಲಿ ನನಗೆ ಪೂರ್ಣ ಸಂತೋಷವಿದೆ.

ಹೆಣ್ಣುಮಗಳು ಒಬ್ಬಳೇ ಊರೂರು ಅಲೆಯುವುದು ನೋಡಿದವರಿಗೆ ಚೆನ್ನಾಗಿರುವುದಿಲ್ಲ. ಆದ್ದರಿಂದ ಕಾಗದ ಕಂಡ ಕೂಡಲೇ ಹೊರಟು ಬರುವುದು. ಬರುವ ದಿನ ತಿಳಿಸಿದರೆ ಕೆಂಪರಾಜ್ ಸ್ಟೇಷನ್ನಿಗೆ ಬಂದು ಕರೆದುಕೊಂಡು ಬರುವನು.

ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ. ಹಗಲೂ ರಾತ್ರಿ ಸೊಪ್ಪು ಹಾಕುತ್ತಿದ್ದೇವೆ. ಆದ್ದರಿಂದ ಹೆಚ್ಚು ಬರೆಯಲು ಬಿಡುವಿಲ್ಲ.

ಇತಿ ನಿನ್ನ ಅಕ್ಕ,
ಪ್ರಮೋದಾ


ಮಾಜುಲಿ
9 ಫೆಬ್ರವರಿ 2025

ಅಕ್ಕ,

ಈ ಕಾಗದವನ್ನು ಪಕ್ಕದ ಮನೆಯ ಭಾಗ್ಯಮ್ಮನ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವಳು ಓದುವುದಿಲ್ಲ, ನಿನಗೇ ತಂದುಕೊಡುತ್ತಾಳೆ ಎಂದು ನಂಬಿದ್ದೇನೆ.

ನಿನ್ನ ಜನವರಿಯ ಕಾಗದ ಸಿಕ್ಕಿತು. ಅಕ್ಷರ ನಿನ್ನದು. ಲಕೋಟೆಯ ಮೇಲಿನ ವಿಳಾಸ ಅಣ್ಣನ ಕೈಬರಹ. ಅಷ್ಟಕ್ಕೇ ನಾನು ಏನನ್ನೂ ತೀರ್ಮಾನಿಸುತ್ತಿರಲಿಲ್ಲ. ‘ಪೂರ್ಣ ಸಂತೋಷವಿದೆ’ ಎಂದು ನೀನು ನಿನ್ನ ಮದುವೆಯ ಬಗ್ಗೆಯೂ ಹೇಳಿದವಳಲ್ಲ, ಆದರೂ ಸುಮ್ಮನಿದ್ದೆ. ಕೊನೆಯ ಸಾಲಿಗೆ ಬಂದು ನಿಂತೆ. ಜ್ವರಕ್ಕೆ ಕೂತ ಹುಳುವಿಗೆ ಹಗಲೂ ರಾತ್ರಿ ಸೊಪ್ಪು.

ನೀನು, ಅಪ್ಪನ ಕೈಯಲ್ಲಿ ಕಲಿತವಳು, ಒಂದು ಹಿಡಿ ಸೊಪ್ಪನ್ನೂ ಹಾಗೆ ಹಾಕಿದವಳಲ್ಲ. ಹಾಕಿದರೆ ಹಾಸಿಗೆ ಒದ್ದೆಯಾಗಿ ಹುಳು ಕೊಳೆಯುತ್ತದೆಂದು ಊರಿನ ಸೊಸೆಯರಿಗೆಲ್ಲ ಹೇಳಿಕೊಟ್ಟವಳು. ಬರೆಸಿದ ಅಣ್ಣ ಪಕ್ಕದಲ್ಲಿ ಕೂತಿದ್ದ, ಅವನು ಹೇಳಿದ್ದನ್ನೆಲ್ಲ ನೀನು ಬರೆದೆ, ಆಮೇಲೆ ಈ ಒಂದು ಸಾಲನ್ನು ನೀನೇ ಸೇರಿಸಿದೆ. ನಾನು ಹೀಗೆ ಓದಿದ್ದೇನೆ. ಕಾಗದವನ್ನು ನಂಬಬೇಡ, ಬರಬೇಡ ಎಂದು. ತಪ್ಪಾಗಿ ಓದಿದ್ದರೆ ತಿಳಿಸು.

ಬರುವಾಗ ನಿಮಾತಿ ಘಾಟಿನಲ್ಲಿ ಮಂಜು. ದೋಣಿ ಬಿಡಲಿಲ್ಲ. ಮಧ್ಯಾಹ್ನದವರೆಗೆ ಜನ ಬೈಕು, ಕೋಳಿ, ಮಕ್ಕಳ ಜೊತೆ ಮರಳಿನ ಮೇಲೆ ಕೂತಿದ್ದರು. ಯಾರೂ ದೋಣಿಯವನನ್ನು ಬೈಯಲಿಲ್ಲ. ನಾನು ಟೈಮ್ ಆಫೀಸಿನವಳು, ಅವರ ಮುಖಗಳನ್ನೇ ಅನುಮಾನದಿಂದ ನೋಡುತ್ತಿದ್ದೆ. ಇವರಿಗೆ ಸಿಟ್ಟು ಬರುವುದಿಲ್ಲವೇ, ಬಂದರೆ ಎಲ್ಲಿಡುತ್ತಾರೆ?

ಇಲ್ಲಿಯೂ ಹುಳು ಸಾಕುತ್ತಾರೆ, ಔಡಲದ ಎಲೆ ತಿನ್ನುವ ಹುಳು. ಚಿಟ್ಟೆ ಗೂಡು ಬಿಟ್ಟು ಹೊರಗೆ ಹಾರಿಹೋಗುವವರೆಗೆ ಕಾದು, ಆಮೇಲೆ ಗೂಡಿನಿಂದ ನೂಲು ತೆಗೆಯುತ್ತಾರೆ. ನೀನು ನೋಡಬೇಕಿತ್ತು.

ಮಮತ


ತೂಬಗೆರೆ
6 ಮಾರ್ಚ್ 2025

ಮಮತ,

ಭಾಗ್ಯಮ್ಮ ಕಾಗದವನ್ನು ಸೊಪ್ಪಿನ ಹೊರೆಯಲ್ಲಿಟ್ಟು ತಂದಳು. ‘ಏನಕ್ಕ, ನಿಮ್ಮ ಮನೆ ಟಪಾಲು ನಮ್ಮನೆಗೆ ಬರೋ ಅಂಥದ್ದು ಏನ್ ನಡೀತಾ ಐತೆ?’ ಅಂದಳು. ಏನೂ ಇಲ್ಲ ಅಂದೆ. ಅವಳು ನಂಬಲಿಲ್ಲ. ಒಳ್ಳೆಯ ದಾರಿ ಹುಡುಕಿದೆ ನೀನು.

ಆ ಸಾಲಿನ ವಿಷಯ ನನಗೆ ಗೊತ್ತಿಲ್ಲ. ನಿದ್ದೆಗಣ್ಣಿನಲ್ಲಿ ಬರೆದಿರಬಹುದು. ನೀನು ಹೇಗೆ ಓದಿಕೊಂಡರೂ ಅದು ನಿನ್ನ ಇಷ್ಟ.

ನನಗೂ ಒಂದು ಕೇಳುವುದಿದೆ. ನೀನು ಅಲ್ಲಿ ಕೂತಿರುವುದು ನನ್ನ ಹುಳು ಮನೆ ಉಳಿಯಲಿ ಎಂದೋ, ನಿನ್ನ ಪಾಲು ಉಳಿಯಲಿ ಎಂದೋ? ನನಗೆ ಯಾರ ಉಪಕಾರವೂ ಬೇಡ. ಉಪಕಾರ ಮಾಡಿದವರ ಮುಂದೆ ಮುಂದೊಂದು ದಿನ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಕೆಂಪರಾಜನ ಮುಂದೆ ಈಗ ಅದೇ ಮಾಡುತ್ತಿದ್ದೇನೆ.

ಪಾರ್ಟಿಯವರು ಬಂದು ತೋಟದ ಸುತ್ತ ಸುಣ್ಣದ ಗೆರೆ ಎಳೆದು ಹೋದರು. ಹುಳು ಮನೆಯ ಬಾಗಿಲಿಗೇ ಶೂ ಹಾಕಿಕೊಂಡು ಬಂದರು. ನಾನು ಅಡ್ಡ ನಿಂತು, ‘ಹೊರಗಿನೋರು ಒಳಗೆ ಬಂದ್ರೆ ಹುಳುಗೆ ರೋಗ ಬತ್ತದೆ, ಅಲ್ಲೇ ನಿಂತ್ಕಳಿ’ ಅಂದೆ. ‘ಇನ್ನೊಂದ್ ತಿಂಗಳಿಗೆ ಯಾವ ಹುಳ ಅಮ್ಮಾ’ ಅಂದು ಒಬ್ಬ ನಕ್ಕ. ಕೆಂಪರಾಜ್ ನೆಲ ನೋಡುತ್ತಿದ್ದ.

ಅವರು ಹೋದ ಮೇಲೆ ಅವನು ಜಗಲಿಯ ಮೇಲೆ ಕೂತ. ಏರ್‌ಪೋರ್ಟಿನ ಗೋಡೌನಿನಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ಬಂದಿದ್ದ, ಕಣ್ಣು ಕೆಂಪಗಿದ್ದವು. ‘ನಂಗೇನ್ ಬಂಗ್ಲೆ ಕಟ್ಟೋ ಆಸೆ ಇಲ್ಲ ಅಕ್ಕ. ಈ ನೈಟ್ ಶಿಫ್ಟ್ ಬಿಡ್ಬೇಕು ಅಷ್ಟೇ. ಹಗಲೊತ್ತು ಎಚ್ಚರ ಇದ್ದು ಯಾವ ಕಾಲ ಆಯ್ತು’ ಅಂದ. ಕಾಫಿ ತರುವಷ್ಟರಲ್ಲಿ ಎದ್ದು ಹೋಗಿದ್ದ. ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಿಧಾನ ಬೇಕಾದವಳು ನೀನೊಬ್ಬಳೇ ಎಂದುಕೊಳ್ಳಬೇಡ.

ಚಿಟ್ಟೆ ಹಾರಿಹೋದ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಯಾರೂ ಮುಟ್ಟಿಯೂ ನೋಡುವುದಿಲ್ಲ.

ಪ್ರಮೋದಾ


ಮಾಜುಲಿ
14 ಏಪ್ರಿಲ್ 2025

ಅಕ್ಕನಿಗೆ,

ಯುಗಾದಿ ಕಳೆಯಿತು. ಅಲ್ಲಿ ಏನಾಗಿದೆಯೋ ಗೊತ್ತಿಲ್ಲ, ನಾನು ಬರಲಿಲ್ಲ ಎಂಬುದಷ್ಟೇ ಗೊತ್ತು. ಇವತ್ತು ಇಲ್ಲಿ ಇವರ ಹೊಸ ವರ್ಷ. ದನಗಳಿಗೆ ಮೈ ತೊಳೆದಿದ್ದಾರೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಮೊದಲಿನ ತಿಂಗಳುಗಳಲ್ಲಿ ನಾನು ಯಾರಿಗಾಗಿಯೂ ಕೂತಿರಲಿಲ್ಲ. ಅದೇ ಅದರ ಸುಖ. ನಿನ್ನ ಜನವರಿಯ ಕಾಗದ ಬಂದ ದಿನದಿಂದ ನಿನಗಾಗಿ ಕೂತೆ. ಆ ದಿನದಿಂದಲೇ ಅದು ಕೆಟ್ಟಿತು. ಚಹಾ ಅಂಗಡಿಗೆ ಹೋದರೆ ಮೊದಲು ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಗುತ್ತಿತ್ತು. ಯುಗಾದಿಗೆ ಎಷ್ಟು ಉಳಿಯಿತು? ಅದೇ ನದಿ, ಅದೇ ದಡ, ಅದೇ ನಾನು. ಹೊರಗಿನಿಂದ ನೋಡಿದವರಿಗೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಒಳಗೆ ನಾನು ಮತ್ತೆ ಗಾರ್ಮೆಂಟ್ಸಿನ ಗೇಟಿನಲ್ಲಿ ಕೂತು, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದೆ. ಕಾಯುವವರು ಕೂತಲ್ಲೇ ಓಡುತ್ತಿರುತ್ತಾರೆ ಅಕ್ಕ. ಅಣ್ಣ ನನ್ನ ಮೇಲೆ ಹೊರಿಸಿದ ಅನುಮಾನ ಮೊದಲು ಸುಳ್ಳಾಗಿತ್ತು, ಕೊನೆಗೆ ನಿಜವಾಯಿತು. ಕಾರಣ ಬೇರೆ, ಅಷ್ಟೇ.

ಅವನ ರಾತ್ರಿ ಪಾಳಿಯ ಮಾತು ಓದಿದ ಮೇಲೆ ಇನ್ನೂ ಕಷ್ಟವಾಯಿತು. ಬ್ಯಾಗು ಕಟ್ಟಿದೆ. ಘಾಟಿನವರೆಗೂ ಹೋದೆ. ನಿನ್ನ ಹುಳು ಮನೆಯ ಬಾಗಿಲು, ಅದರ ಮುಂದೆ ಆ ಶೂಗಳು ಕಣ್ಣಿಗೆ ಕಟ್ಟಿದವು. ವಾಪಸ್ ಬಂದೆ. ಅವನಿಗೆ ಬೇರೆಯಾಗಿ ಒಂದು ಕಾಗದ ಬರೆದಿದ್ದೇನೆ: ತೋಟ ಬಿಟ್ಟು ಬೇರೆ ಏನು ಕೇಳಿದರೂ ನಾನು ಅವನ ಜೊತೆ ನಿಲ್ಲುತ್ತೇನೆ ಎಂದು. ಉತ್ತರ ಬರುವುದಿಲ್ಲ ಎಂದುಕೊಂಡಿದ್ದೇನೆ.

ಉಪಕಾರ ಎಂದುಕೊಳ್ಳಬೇಡ. ಬೇಕಿದ್ದರೆ ನನ್ನ ಸೋಮಾರಿತನ ಎಂದುಕೋ. ನಿನ್ನೆ ಮೊದಲ ಸಲ, ದೋಣಿ ಹೊರಟುಹೋದದ್ದು ನನಗೆ ಗೊತ್ತೇ ಆಗಲಿಲ್ಲ. ದಡದಲ್ಲೊಬ್ಬಳು ಹೆಂಗಸು ಬಲೆ ಸರಿಮಾಡುತ್ತಿದ್ದಳು, ನೋಡುತ್ತ ಕೂತಿದ್ದೆ.

ಮಮತ


ತೂಬಗೆರೆ
26 ಆಗಸ್ಟ್ 2025

ಮಮತ,

ನಿನ್ನ ಏಪ್ರಿಲ್ ಕಾಗದಕ್ಕೆ ಈಗ ಬರೆಯುತ್ತಿದ್ದೇನೆ. ತಡ ಯಾಕಾಯಿತು ಎಂದು ನೀನು ಕೇಳುವುದಿಲ್ಲ, ಅದೊಂದು ಅನುಕೂಲ.

ಯುಗಾದಿಯ ಮರುದಿನವೇ ಪಾರ್ಟಿಯವರು ಕೈ ಎತ್ತಿದರು. ರಸ್ತೆಯ ಆಚೆ ಬೇರೆ ಜಮೀನು ಹಿಡಿದಿದ್ದಾರಂತೆ. ಅವತ್ತಿನಿಂದ ಕೆಂಪರಾಜ್ ನಮ್ಮ ಮನೆಗೆ ಬರಲಿಲ್ಲ. ಎದುರು ಸಿಕ್ಕರೆ ಬೈಕು ನಿಲ್ಲಿಸುತ್ತಿರಲಿಲ್ಲ. ಅವನ ಹೆಂಡತಿ ಡೈರಿ ಹತ್ತಿರ ಎಲ್ಲರ ಮುಂದೆ, ‘ಅಕ್ಕ ತಂಗಿ ಇಬ್ರೂ ಸೇರಿ ಆಡಿದ ಆಟ’ ಅಂದಳಂತೆ. ಈ ವರ್ಷದಿಂದ ನನಗೆ ತವರಿಲ್ಲ ಎಂದುಕೊಂಡೆ. ಇವತ್ತು ಗೌರಿ ಹಬ್ಬ. ಬೆಳಿಗ್ಗೆ ಬಾಗಿಲಿಗೆ ಬೆನ್ನು ಹಾಕಿ ಕೂತು ಒಬ್ಬಟ್ಟಿಗೆ ಬೇಳೆ ರುಬ್ಬುತ್ತಿದ್ದೆ.

ಬೈಕಿನ ಸದ್ದಾಯಿತು. ಯೂನಿಫಾರ್ಮಿನಲ್ಲೇ ಬಂದಿದ್ದ. ಕೈಯಲ್ಲಿ ತಟ್ಟೆ, ಸೀರೆ, ಬಳೆ, ಅರಿಶಿನ ಕುಂಕುಮ. ಹುಳು ಮನೆಯ ಕಡೆ ನೋಡಿ ಅಂಗಳದಲ್ಲೇ ನಿಂತ.

‘ಒಳಗ್ ಬರಲ್ಲ. ಹುಳ ಎಲ್ಲಿಗ್ ಬಂದವೆ?’

‘ಜ್ವರಕ್ಕೆ ಕೂತವೆ. ನಾಲ್ಕನೇದು’ ಅಂದೆ.

‘ಸೊಪ್ಪು ಹಾಕ್ತಿದೀಯಾ, ಹಗಲೂ ರಾತ್ರಿ?’

ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡೆ. ಅವನ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ, ನಿದ್ದೆ ಇಲ್ಲದಿರುವುದು ಬಿಟ್ಟು. ಜನವರಿಯಲ್ಲಿ ನಾನು ಬರೆದು ಮುಗಿಸಿದ ಮೇಲೆ ಅವನು ಆ ಕಾಗದವನ್ನು ಎರಡು ಸಲ ಓದಿದ್ದ. ಓದಿ, ಮಡಿಸಿ, ತಾನೇ ಲಕೋಟೆಗೆ ಅಂಟು ಹಚ್ಚಿದ್ದ. ಅವನೂ ಅಪ್ಪನ ಜಗಲಿಯ ಮೇಲೆ ಕೂತವನೇ ಅಲ್ಲವೇ. ನಮ್ಮ ಮೂವರಲ್ಲಿ ಸೊಪ್ಪು ಹಾಕಿ ಅಪ್ಪನ ಕೈಲಿ ಏಟು ತಿಂದವನೂ ಅವನೊಬ್ಬನೇ.

‘ಇಲ್ಲ ಕಣೋ’ ಅಂದೆ.

‘ಹಂಗಾದ್ರೆ ರಜ ಅನ್ನು’ ಅಂದು ಜಗಲಿಯ ಮೇಲೆ ಗೋಡೆಗೊರಗಿ ಕೂತ. ಒಬ್ಬಟ್ಟು ತಟ್ಟೆಗೆ ಹಾಕಿ ತರುವಷ್ಟರಲ್ಲಿ ನಿದ್ದೆ ಹೋಗಿದ್ದ. ಬೂಟು ಕೂಡ ಬಿಚ್ಚಿರಲಿಲ್ಲ. ಎಬ್ಬಿಸಲಿಲ್ಲ. ಅವನ ಫೋನು ಹೊಡೆದುಕೊಂಡಿತು, ಸದ್ದು ನಿಲ್ಲಿಸಿ ಒಳಗೆ, ನಿನ್ನ ಫೋನಿನ ಪಕ್ಕ ಇಟ್ಟೆ. ನಿನ್ನದು ಸತ್ತು ಬಹಳ ದಿನವಾಯಿತು, ನಾನು ಚಾರ್ಜ್ ಹಾಕುವುದನ್ನು ಬಿಟ್ಟಿದ್ದೇನೆ. ನಿನ್ನ ಭಾವ ಬಂದು ನೋಡಿ, ಸದ್ದಿಲ್ಲದೆ ಹಿಂಬಾಗಿಲಿಂದ ಹೋದರು. ಬಿಸಿಲು ಜಗಲಿ ದಾಟಿ ಗೋಡೆಗೆ ಬಂತು. ನಾನೂ ಪಕ್ಕದಲ್ಲಿ ಕೂತೆ. ಕೆಲಸ ಏನೂ ಇರಲಿಲ್ಲ.

ಎದ್ದ ಮೇಲೆ ‘ಎಷ್ಟೊತ್ತಾಯ್ತಕ್ಕ?’ ಅಂದ. ಗೊತ್ತಿಲ್ಲ ಅಂದೆ. ಒಬ್ಬಟ್ಟು ತಿಂದ. ಹೊರಡುವಾಗ ಬೈಕಿನ ಮೇಲೆ ಕೂತು ಹೇಳಿದ: ‘ಇನ್ನೊಂದ್ ಪಾರ್ಟಿ ಬಂದವ್ರೆ. ಮಮತಂಗೆ ನಾನೇ ಬರಿತೀನಿ. ಬರೆದಿದೀನಿ ಅಂತ ಮನೇಲಿ ಹೇಳ್ಬೇಕು. ಅಡ್ರೆಸ್ ಕೊಡು.’

ಒಳಗೆ ಹೋಗಿ ಒಂದು ಚೀಟಿಯಲ್ಲಿ ಬರೆದು ತಂದೆ. ಮಹೇಶ್ವರದ ವಿಳಾಸ.

ಮಾಜುಲಿ ಎಂದು ಲಕೋಟೆಯ ಮೇಲೆ ತನ್ನ ಕೈಯಾರೆ ಬರೆದವನು ಅವನು. ಚೀಟಿಯನ್ನು ನೋಡಿದ. ನಾನು ಅವನ ಕಣ್ಣು ತಪ್ಪಿಸಲಿಲ್ಲ, ಅವನೂ ತಪ್ಪಿಸಲಿಲ್ಲ.

‘ಇಲ್ಲಿಗ್ ಹಾಕಿದ್ರೆ ತಲುಪ್ತದಾ?’ ಅಂದ.

‘ನಿಧಾನವಾಗಿ ತಲುಪ್ತದೆ.’

‘ನಿಧಾನಕ್ಕೇ ತಲುಪ್ಲಿ ಬಿಡು’ ಅಂದು, ಚೀಟಿಯನ್ನು ಮಡಿಸಿ ಎದೆಯ ಜೇಬಿಗಿಟ್ಟುಕೊಂಡು ಹೋದ.

ಅವನಿಗೆ ಆ ಜನವರಿಯಲ್ಲೇ ತಿಳಿದಿತ್ತೋ, ಆಮೇಲೆ ಹೊಳೆಯಿತೋ ನಾನು ಕೇಳಿಲ್ಲ. ಕೇಳಿದರೆ ಅವನೂ ನನ್ನನ್ನು ಕೇಳುತ್ತಾನೆ. ಹೊಸ ಪಾರ್ಟಿಯವರು ನಿಜಕ್ಕೂ ಇದ್ದಾರೋ, ಇಲ್ಲವೋ, ಅದೂ ಗೊತ್ತಿಲ್ಲ. ಇವತ್ತು ರಾತ್ರಿ ಅವನಿಗೆ ಮತ್ತೆ ಪಾಳಿ ಇದೆ ಎಂಬುದು ಮಾತ್ರ ಗೊತ್ತು.

ನಾಳೆ ಹುಳು ಜ್ವರದಿಂದ ಏಳುತ್ತವೆ. ಆಮೇಲೆ ಅವು ಹಣ್ಣಾಗಿ ಗೂಡು ಕಟ್ಟುವವರೆಗೆ ನನಗೆ ಉಸಿರಾಡಲು ಬಿಡುವಿಲ್ಲ, ಹೊರಗಿನಿಂದ ಬಂದವರನ್ನು ಒಳಗೆ ಬಿಡುವಂತೆಯೂ ಇಲ್ಲ, ನಿನ್ನನ್ನೂ. ಇದಾದ ಮೇಲೆ ಇನ್ನೊಂದು ಬೆಳೆಗೂ ಚಾಕಿ ಹುಳು, ಅಂದರೆ ಮರಿ ಹುಳು, ತರಲು ಹೇಳಿದ್ದೇನೆ.

ಬಾ. ಈ ಸಲ ಅದರ ಮುಂದೆ ಬೇಗ ಎಂದು ಬರೆದಿಲ್ಲ, ನೋಡಿಕೋ.

ಅಕ್ಕ